ಬಡತನದ ಆತ್ಮಕಥೆಯನ್ನು ಹಾಸ್ಟೆಲ್ ಹುಡುಗರೊಂದಿಗೆ ಓದುವುದು ಹೇಗೆ?

ಪ್ರಶ್ನೆ (ಜಮಖಂಡಿ)

ನಮ್ಮೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಪಿಯುಸಿ ಹುಡುಗರೊಂದಿಗೆ ರವಿವಾರ ಒಂದು ತಾಸು ಪುಸ್ತಕ ಓದುವ ರೂಢಿ ಇಟ್ಟುಕೊಂಡಿದ್ದೇನೆ. ಈ ಸಲ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಎತ್ತಿಕೊಳ್ಳುವ ಮನಸ್ಸಿದೆ. 1994ರಲ್ಲಿ ಪ್ರಕಟವಾದ ಈ ದಲಿತ ಆತ್ಮಕಥೆಯ ಲೇಖಕರು ಮುದ್ದೇಬಿಹಾಳದವರು. ನಮ್ಮ ಹುಡುಗರಿಗೆ ಅದು ಗೊತ್ತಿರುವ ಸೀಮೆ, ಗೊತ್ತಿರುವ ಬದುಕು. ನನ್ನ ಅಳುಕು ಇರುವುದೂ ಅಲ್ಲಿಯೇ. ಹಲವರ ತಂದೆತಾಯಿಗಳು ಸುಗ್ಗಿ ಮುಗಿಯುತ್ತಲೇ ಗೋವೆಗೋ ಮಂಗಳೂರಿಗೋ ಗುಳೆ ಹೋಗುವವರಾಗಿದ್ದು, ಕೆಲವರು ಈ ಸಂಗತಿಯನ್ನು ಪಕ್ಕದ ಗೆಳೆಯನಿಗೂ ಹೇಳುವುದಿಲ್ಲ. ಹಸಿವು, ಅವಮಾನಗಳ ಪುಟಗಳನ್ನು ಎಲ್ಲರ ನಡುವೆ ಗಟ್ಟಿಯಾಗಿ ಓದಿದರೆ ಅವರಿಗೆ ಧೈರ್ಯ ಬಂದೀತೇ, ಇಲ್ಲವೇ ಎಲ್ಲರ ಕಣ್ಣೂ ತಮ್ಮ ಮೇಲೆ ಬಿದ್ದಂತಾಗಿ ಕುಗ್ಗಿಹೋದಾರೇ? ಇಂಥ ಓದನ್ನು ನಡೆಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ವಿಜಯಪುರ, ನಿವೃತ್ತ ಶಿಕ್ಷಕ)

ಅವಶ್ಯವಾಗಿ ಓದಿಸಿ. ಆದರೆ ‘ಕಷ್ಟಪಟ್ಟು ಮೇಲೆ ಬಂದವರ ಕಥೆ’ ಎಂದು ಮಾತ್ರ ಪರಿಚಯಿಸಬೇಡಿ. ಹಾಗೆ ಹೇಳಿದೊಡನೆ ಹುಡುಗರು ಕೊನೆಯ ಗೆಲುವನ್ನಷ್ಟೇ ಹುಡುಕುತ್ತಾರೆ. 1972ರ ಬರದಲ್ಲಿ ನಮ್ಮ ಜಿಲ್ಲೆಯ ಹೊಲಮನೆ ಇದ್ದವರೂ ಬರಗಾಲ ಕಾಮಗಾರಿಗೆ ಹೋಗಿ ಖಡಿ ಒಡೆದದ್ದನ್ನು ನಾನು ಕಂಡಿದ್ದೇನೆ. ಹಸಿವು ಬಹಳ ಮನೆಗಳಿಗೆ ಬಂದಿತ್ತು. ಆದರೆ ಮಳೆ ಬಿದ್ದ ಮೇಲೆ ಹೊಲವಿದ್ದವರು ತಮ್ಮ ಹೊಲಕ್ಕೆ ಮರಳಿದರು, ಇಲ್ಲದವರು ಅದೇ ಹೊಲಗಳಿಗೆ ಕೂಲಿಗೆ ಹೋದರು. ಕೇರಿಯವರು ಊರ ಬಾವಿಯನ್ನು ಮುಟ್ಟಬಾರದೆಂಬ ಕಟ್ಟಳೆಯಂತೂ ನಮ್ಮೂರಲ್ಲಿ ಆ ಬರದಲ್ಲಿಯೂ ಸಡಿಲಾಗಲಿಲ್ಲ. ಮಾಲಗತ್ತಿಯವರ ಪುಸ್ತಕದಲ್ಲಿ ಬಡತನವನ್ನು ಜಾತಿಯಿಂದ ಬಿಡಿಸಿ ಓದಲು ಬರುವುದಿಲ್ಲ. ಬಿಡಿಸಿದರೆ ಉಳಿಯುವುದು ಬರೀ ಕನಿಕರ, ಅದು ಹುಡುಗರಿಗೆ ಬೇಕಾಗಿಲ್ಲ.

ಉತ್ತರ (ಬೆಳಗಾವಿ)

ಗುರುಗಳ ಮಾತನ್ನು ಒಪ್ಪುತ್ತೇನೆ. ಗಟ್ಟಿಯಾಗಿ ಓದುವ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಮೊದಲು ಪುಸ್ತಕವನ್ನು ಅವರವರ ಕೈಗೆ ಕೊಟ್ಟು ಒಬ್ಬೊಬ್ಬರೇ ಓದಲು ಬಿಡಿ. ಕೂಡಿ ಕುಳಿತಾಗ ‘ನಿಮ್ಮ ಮನೆಯಲ್ಲಿಯೂ ಹೀಗೆಯೇ?’ ಎಂದು ಯಾರನ್ನೂ ಕೇಳದೆ, ‘ಇದು ಹೀಗೇಕೆ ಆಯಿತು?’ ಎಂದು ಕೇಳಿ. ಮರಾಠಿಯನ್ನೂ ಓದುವ ನಮ್ಮ ಗಡಿಭಾಗದವರಿಗೆ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಪರಿಚಿತ. 1987ರಲ್ಲಿ ಬಂದು ಮರುವರ್ಷವೇ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಆತ್ಮಕಥೆ. ಅಲ್ಲಿನ ಕುಟುಂಬದ ಹಸಿವಿನ ಹಿಂದೆ, ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿದ 1871ರ ಬ್ರಿಟಿಷ್ ಕಾನೂನಿದೆ. 1952ರಲ್ಲಿ ಅದು ರದ್ದಾದರೂ ಪೊಲೀಸರ ಸಂಶಯ ಹೋಗಲಿಲ್ಲ, ಸಂಶಯವಿದ್ದವರಿಗೆ ಕೆಲಸ ಸಿಗಲಿಲ್ಲ, ಕೆಲಸವಿಲ್ಲದ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಇದನ್ನು ಹಿಡಿದು ಮಾತಾಡಿದರೆ, ತನ್ನ ಮನೆಯ ಕಷ್ಟಕ್ಕೆ ತನ್ನ ತಂದೆಯೇ ಕಾರಣನೆಂದು ಒಳಗೊಳಗೇ ನೊಂದ ಹುಡುಗನಿಗೆ ಯೋಚಿಸಲು ಬೇರೊಂದು ದಾರಿ ಕಾಣುತ್ತದೆ.

ಉತ್ತರ (ಹುನಗುಂದ ತಾಲೂಕು)

ನಾನು ಅಂಥದೇ ಹಾಸ್ಟೆಲಿನಲ್ಲಿ ಓದಿದವಳು. ಅವ್ವ, ಅಪ್ಪ ಗೋವೆಯಲ್ಲಿ ರಸ್ತೆ ಕೆಲಸಕ್ಕಿದ್ದರು. ಅಂಥ ಪುಸ್ತಕ ಓದಿದ್ದರಿಂದ ನನಗೆ ನೋವಾಗಲಿಲ್ಲ, ನೋವಾದದ್ದು ಆಮೇಲೆ. ದಾನಿಗಳು ಬಂದ ದಿನ ನನ್ನನ್ನು ವೇದಿಕೆಗೆ ಕರೆದು ‘ನಿನ್ನ ಕಥೆಯನ್ನೂ ಹೇಳು’ ಎಂದರು. ಅವ್ವನ ದುಡಿಮೆಯನ್ನು ಅಪರಿಚಿತರ ಮುಂದೆ ಕರುಣೆಗಾಗಿ ಇಟ್ಟೆನಲ್ಲ ಎಂಬ ಸಂಕಟ ಬಹಳ ಕಾಲ ಉಳಿಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹೇಳಬೇಕೆನ್ನಿಸಿದವನು ತಾನಾಗಿ ಹೇಳುತ್ತಾನೆ, ಬರೆದೂ ತೋರಿಸುತ್ತಾನೆ.

ಇನ್ನೊಂದು ಮಾತು. ಗಂಡಸರು ಬರೆದ ಆತ್ಮಕಥೆಗಳಲ್ಲಿ ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಉಳಿಯದಿದ್ದರೆ ನೀರು ಕುಡಿದು ಮಲಗುವ ತಾಯಂದಿರು ಬರುತ್ತಾರೆ. ಓದುಗರು ಕಣ್ಣೊರೆಸಿಕೊಂಡು ಮುಂದೆ ಹೋಗುತ್ತಾರೆ. ಅಲ್ಲಿ ನಿಲ್ಲಿಸಿ, ಆಕೆಯ ದಿನಗೂಲಿ ಗಂಡಸಿನ ಕೂಲಿಗಿಂತ ಕಡಿಮೆ ಏಕಿತ್ತೆಂದು ಹುಡುಗರನ್ನು ಕೇಳಿ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಆರಂಭವಾದದ್ದನ್ನೂ ಚರ್ಚೆಗೆ ತನ್ನಿ. ಮಧ್ಯಾಹ್ನದ ಬಿಸಿಯೂಟದಿಂದ ನನ್ನ ತಮ್ಮ ಶಾಲೆ ಬಿಡದೆ ಉಳಿದ. ಹಸಿವು ಹಣೆಬರಹವಲ್ಲ, ಸರಕಾರದ ಒಂದು ತೀರ್ಮಾನದಿಂದಲೂ ಕಡಿಮೆಯಾಗುತ್ತದೆ ಎಂಬುದನ್ನು ನಾನು ಅರಿತದ್ದು ಹಾಗೆ.

ಪ್ರಶ್ನೆ ಕೇಳಿದವರು (ಜಮಖಂಡಿ)

ಮೂವರಿಗೂ ಋಣಿಯಾಗಿದ್ದೇನೆ. ಗ್ರಂಥಾಲಯದಿಂದಲೂ ಸ್ನೇಹಿತರಿಂದಲೂ ಪ್ರತಿಗಳನ್ನು ಕೂಡಿಸಿ ಮೊದಲು ಹುಡುಗರ ಕೈಗೇ ಕೊಡುತ್ತೇನೆ. ಚರ್ಚೆಯನ್ನು ಶಾಲೆಯ ಪ್ರಸಂಗಗಳಿಂದ ಆರಂಭಿಸುತ್ತೇನೆ, ಮಾತಾಡಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲವೆಂದು ಮೊದಲೇ ತಿಳಿಸುತ್ತೇನೆ. ಕೂಲಿಯ ಪ್ರಶ್ನೆಯನ್ನು ಖಂಡಿತವಾಗಿ ಕೇಳುತ್ತೇನೆ.