ಸಹಾಯ ಬೇಕು: ಗೂಡು ಕಾಣುವ ಫೋಟೋ ಸ್ಪರ್ಧೆಗೆ ಕಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ಜನ ಮತ್ತು ಪ್ರಕೃತಿಯ ನಂಟಿನ ಬಗ್ಗೆ ಇರುವ ಒಂದು ಫೋಟೋ ಸ್ಪರ್ಧೆಗೆ ಚಿತ್ರ ಕಳಿಸಬೇಕು. ಕೊನೆಯ ದಿನ ಹತ್ತಿರ ಬಂದಿದೆ, ನಾನು ಒಂದು ನಿಯಮದ ಹತ್ತಿರ ನಿಂತುಬಿಟ್ಟಿದ್ದೇನೆ.

ಚಿತ್ರ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಹೇಳುತ್ತಾರೆ. 2007ರಲ್ಲಿ ಸಮುದಾಯ ಮೀಸಲು (ಊರಿನವರೂ ಸೇರಿ ಕಾಪಾಡುವ ಜಾಗ) ಅಂತ ಘೋಷಣೆಯೂ ಆಗಿದೆ. ನನ್ನ ಚಿತ್ರದಲ್ಲಿ ಅಜ್ಜಿಯೊಬ್ಬರು ಜಗಲಿ ಮೇಲೆ ಕೂತು ರಾಗಿ ಕೇರುತ್ತಿದ್ದಾರೆ. (ಮರದ ಕೆಳಗೆ ಕೂತಿದ್ದರೆ ರಾಗಿಯ ಗತಿ ಅಷ್ಟೇ!) ಹೆಂಚಿನ ಮೇಲೆ ಬಾಗಿದ ಹುಣಸೆ ಕೊಂಬೆಯಲ್ಲಿ ಹೆಜ್ಜಾರ್ಲೆ ಮರಿಯೊಂದು ತಾಯಿಯ ಗಂಟಲ ಚೀಲಕ್ಕೆ ಇಡೀ ತಲೆ ತೂರಿಸಿದೆ. ಅಜ್ಜಿ ತಿರುಗಿಯೂ ನೋಡಿಲ್ಲ. ನಂಟು ಅಂದ್ರೆ ಇದೇ ಅಲ್ವಾ?

ಆದರೆ ನಿಯಮದಲ್ಲಿ ‘ಗೂಡು, ಮರಿಗಳ ಚಿತ್ರ ಬೇಡ’ ಅಂತಿದೆ. ಕಾರಣ ಸರಿಯಾಗಿಯೇ ಇದೆ. ಹತ್ತಿರ ಹೋದರೆ ಹಕ್ಕಿ ಗಾಬರಿಯಾಗಿ ಗೂಡು ಬಿಟ್ಟು ಏಳುತ್ತದೆ, ಮರಿ ಬಿಸಿಲಿಗೆ, ಕಾಗೆ ಹದ್ದಿಗೆ ಸಿಕ್ಕುತ್ತದೆ. ನಾನು ತೆಗೆದಿದ್ದು ಊರಿನ ರಸ್ತೆಯಲ್ಲೇ ನಿಂತು, ದೂರದ್ದನ್ನು ಹತ್ತಿರ ತೋರಿಸುವ 300 ಎಂಎಂ ಲೆನ್ಸಿನಲ್ಲಿ. ಕ್ರಾಪ್ ಮಾಡಿ ನೋಡಿದೆ, ಬರೀ ರಾಗಿ ಕೇರೋ ಚಿತ್ರ ಆಯ್ತು. ಗೂಡನ್ನು ಅಳಿಸೋಣ ಅಂದ್ರೆ ಎಡಿಟಿಂಗಲ್ಲಿ ಏನನ್ನೂ ತೆಗೆಯುವಂತಿಲ್ಲ. ಆಯೋಜಕರಿಗೆ ಮೇಲ್ ಮಾಡಿದರೆ ಆಟೋಮ್ಯಾಟಿಕ್ ಉತ್ತರ ಬಂತು.

ಇಂಥ ಸ್ಪರ್ಧೆಗಳಿಗೆ ಕಳಿಸಿದವರು, ತೀರ್ಪು ಕೊಟ್ಟವರು ಹೇಳಿ: ಊರೊಳಗಿನ ಗೂಡಿಗೂ ಈ ನಿಯಮ ಅನ್ವಯಿಸುತ್ತದಾ? ದೂರದಿಂದ ತೆಗೆದಿದ್ದು ಅಂತ ವಿವರಣೆಯಲ್ಲಿ ಬರೆದರೆ ಒಪ್ಪುತ್ತಾರಾ, ಅಥವಾ ಬೇರೆ ಚಿತ್ರ ಕಳಿಸೋದೇ ವಾಸಿನಾ?