ಇಳಿತದಲ್ಲಿ ಹುಟ್ಟಿದ ಮಗುವಿಗೆ ಯಾವ ಹೆಸರು?

ಪ್ರಶ್ನೆ, ಕಾರವಾರದಿಂದ:
ಕಾಳಿ ನದಿ ಕಡಲು ಸೇರುವ ಕೋಡಿಬಾಗದಲ್ಲಿ ಬೆಳೆದವಳು ನಾನು. ನನ್ನ ಕಾದಂಬರಿಯಲ್ಲಿ ‘ಅಳಿವೆಯವರು’ ಎಂಬ ಕಲ್ಪಿತ ಜನರಿದ್ದಾರೆ. ಉಬ್ಬರದಲ್ಲಿ ಹುಟ್ಟಿದ ಮಗುವಿನ ಹೆಸರು ‘ಏರು’ ಎಂದು ಆರಂಭವಾಗುತ್ತದೆ: ಏರುಮಣಿ, ಏರುದೀಪ. ಇಳಿತದಲ್ಲಿ ಹುಟ್ಟಿದವನು ‘ಮರಳ’, ಅಂದರೆ ಮರಳಿನವನು, ಮರಳಿ ಬರುವವನು. ಕಡಲಿಗೆ ಹೋಗಿ ಬಾರದವರ ಹೆಸರನ್ನು ಒಂದು ವರ್ಷ ಯಾರೂ ಉಚ್ಚರಿಸುವುದಿಲ್ಲ. ಆಮೇಲೆ ಅದನ್ನು ಹೊಸ ದೋಣಿಗೆ ಇಡುತ್ತಾರೆ. ಕಥೆಗೆ ಸಂಘರ್ಷ ಬೇಕೆಂದು ಇಳಿತದ ಮಕ್ಕಳನ್ನು ಕೀಳಾಗಿ ಕಾಣಿಸಲೇ? ಮನಸ್ಸು ಒಪ್ಪುತ್ತಿಲ್ಲ.

ಉತ್ತರ, ಕುಮಟಾದಿಂದ:
ಖಂಡಿತ ಬೇಡ ತಂಗಿ. ಅಘನಾಶಿನಿ ನದಿಯಲ್ಲಿ ನೀರು ಇಳಿದಾಗಲೇ ನಮ್ಮಮ್ಮ ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಳು. ಇಳಿತವೆಂದರೆ ನಮಗೆ ಊಟದ ಹೊತ್ತು.

ಉತ್ತರ, ಶಿರಸಿಯಿಂದ:
ಕರೆಯುವ ಹೆಸರನ್ನೂ ಯೋಚಿಸಿ. ನನಗೆ ಅಜ್ಜನ ಹೆಸರಿಟ್ಟರು. ಗಂಡನ ಹೆಸರು ಹೇಳಬಾರದೆಂದು ಅಜ್ಜಿ ಕೊನೆಯವರೆಗೂ ನನ್ನನ್ನು ‘ಮಾಣಿ’ ಎಂದೇ ಕರೆದಳು. ದೋಣಿಗೆ ಗಂಡನ ಹೆಸರು ಬಂದರೆ ಆ ವಿಧವೆ ಅದನ್ನು ಏನೆಂದು ಕರೆಯುತ್ತಾಳೆ?

ಪ್ರಶ್ನೆ ಕೇಳಿದವಳು:
ಅಣ್ಣಾ, ಈ ಪ್ರಶ್ನೆಗೆ ಕಣ್ಣು ತುಂಬಿತು. ಅವಳು ಅದನ್ನು ‘ಬಂದವನು’ ಎನ್ನುತ್ತಾಳೆ. ಮರಳನ ನಾಮಕರಣಕ್ಕೆ ಮನೆಮನೆಗೂ ಬೆಳಚು ಹಂಚುತ್ತಾರೆ.