ಕಾರ್ಡಿನಲ್ಲಿ ಬಂದ ಯೆರೆಮೀಯ 29:11 ನನ್ನ ಮಗನಿಗೆ ಕೊಟ್ಟ ಮಾತೇ?

ಕೇಶ್ವಾಪುರದ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ವಂದನೆಗಳು. ಮನಸ್ಸು ಬಹಳ ಭಾರ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗ ಮೂರು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಡಿಒ ಎಂಬ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಒಂದು ರೂಮಿನಲ್ಲಿ ಮೂವರು ಹುಡುಗರು. ಬೆಳಗ್ಗೆ ಆರಕ್ಕೆ ಲೈಬ್ರರಿಗೆ ಹೋದರೆ ರಾತ್ರಿ ಹತ್ತಕ್ಕೆ ವಾಪಸ್. ಎರಡು ವರ್ಷದ ಹಿಂದೆ, ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನ ಕಾರ್ಡ್, ಅಂದರೆ ಹೊಸ ವರ್ಷಕ್ಕೆ ದೇವರ ಮಾತು ಎಂದು ಒಬ್ಬೊಬ್ಬರೂ ಆರಿಸಿಕೊಳ್ಳುವ ಬೈಬಲ್ ವಚನದ ಕಾರ್ಡ್, ಎತ್ತುವಾಗ ಅವನ ಕೈಗೆ ಯೆರೆಮೀಯ 29:11 ಬಂತು. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಹಿತದ್ದೇ, ಅಹಿತದ್ದಲ್ಲ, ನಿಮಗೆ ಗತಿಯೂ ನಿರೀಕ್ಷೆಯೂ ಇರಲಿ ಎಂದು ದೇವರು ಹೇಳುವ ಮಾತು. ನಾನೇ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಕೊಟ್ಟೆ. ಸ್ವಿಚ್ ಬೋರ್ಡಿನ ಮೇಲೆ ಅಂಟಿಸಿಕೊಂಡ. ಪಕ್ಕದಲ್ಲಿ ಫಿಲಿಪ್ಪಿ 4:13ನ್ನು, "ಎಲ್ಲಕ್ಕೂ ಶಕ್ತನಾಗಿದ್ದೇನೆ" ಎಂಬ ವಚನವನ್ನು, ಸ್ಕೆಚ್ ಪೆನ್ನಿನಲ್ಲಿ ತಾನೇ ಬರೆದುಕೊಂಡ.

ಹೋದ ತಿಂಗಳು ಮೂರನೇ ಸಲ ಲಿಸ್ಟಿನಲ್ಲಿ ಅವನ ಹೆಸರು ಬರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನೋಡಲು ಹೋದೆ. ಗೋಡೆಯ ಮೇಲೆ ಕಾರ್ಡ್ ಇರಲಿಲ್ಲ. ಕಿತ್ತ ಜಾಗದಲ್ಲಿ ಬಣ್ಣವೂ ಎದ್ದು ಬಂದು ಅಂಗೈ ಅಗಲದ ಬಿಳಿ ಗುರುತು ಉಳಿದಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಮಮ್ಮಿ, ದೇವರು ಸುಳ್ಳು ಹೇಳಿದ್ನಾ, ಇಲ್ಲಾ ನಾವೇ ತಪ್ಪು ಕೇಳಿಸಿಕೊಂಡ್ವಾ?" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಭೆಯ ಹಿರಿಯರೊಬ್ಬರನ್ನು ಕೇಳಿದೆ. "ಹುಡುಗನಿಗೆ ವಿಶ್ವಾಸ ಸಾಲದು" ಎಂದುಬಿಟ್ಟರು. ಆ ಮಾತು ನನಗೇ ಚುಚ್ಚಿತು, ಅವನಿಗೆ ಹೇಳಲೇ ಇಲ್ಲ. ಈ ವಚನ ನಿಜಕ್ಕೂ ಯಾರಿಗೆ ಹೇಳಿದ್ದು? ಹಿಂದೆ ಮುಂದೆ ಓದಿದರೆ ನಮಗೆ ಅದರಲ್ಲಿ ಏನಾದರೂ ಉಳಿಯುತ್ತದಾ? ತಿಳಿದವರು ಹೇಳಿ.


ಬೆಟಗೇರಿ ಮಾಸ್ತರ

ಅಕ್ಕಾವ್ರೇ, ವಂದನೆ. ನಾನು ರಿಟೈರ್ ಆದ ಕನ್ನಡ ಶಾಲೆ ಮಾಸ್ತರ. ಬಹಳ ವರ್ಷ ಸಂಡೇ ಸ್ಕೂಲ್ ನಡೆಸಿದ್ದೇನೆ. ನಿಮ್ಮ ಮಗ ಕೇಳಿದ್ದು ಒಳ್ಳೆಯ ಪ್ರಶ್ನೆ. ವಿಶ್ವಾಸ ಇಲ್ಲದವನು ಕಾರ್ಡ್ ಕಿತ್ತು ಸುಮ್ಮನಾಗುತ್ತಿದ್ದ, ಹಾಗೆ ಕೇಳುತ್ತಿರಲಿಲ್ಲ.

ಮೊದಲು ನನ್ನದೊಂದು ವಿಷಯ ಹೇಳುತ್ತೇನೆ. ನಾನು ಧಾರವಾಡದಲ್ಲಿ ಟ್ರೈನಿಂಗ್ ಮಾಡುವಾಗ ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಇನ್‌ಲ್ಯಾಂಡ್ ಪತ್ರ ಹಾಕಿದ್ದ. ಹಬ್ಬಕ್ಕೆ ಊರಿಗೆ ಹೋಗುವ ಅವಸರದಲ್ಲಿ ಅಂಟಿನ ಅಂಚನ್ನು ಸರಿಯಾಗಿ ಬಿಡಿಸದೆ ಹರಿದೆ. ಇನ್‌ಲ್ಯಾಂಡ್ ಗೊತ್ತಲ್ಲ, ಹಾಗೆ ಹರಿದರೆ ಮಡಿಕೆಯಲ್ಲಿ ಬರೆದ ಸಾಲುಗಳು ಚೂರಿನ ಜೊತೆ ಹೋಗುತ್ತವೆ. ಕೈಯಲ್ಲಿ ಉಳಿದ ಕಾಗದದಲ್ಲಿ ಕೊನೆಗೆ ಇದ್ದದ್ದು, "ನೀ ಊರಿಗೆ ಬರಬ್ಯಾಡ." ಅಷ್ಟೇ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಹಿಂದಿನ ಸಲ ಹೊಲದ ವಿಷಯಕ್ಕೆ ಅಪ್ಪನ ಜೊತೆ ಮಾತಾಗಿತ್ತು, ಅದೇ ಸಿಟ್ಟು ಅಂದುಕೊಂಡೆ. ಬೆಳಗ್ಗೆ ಕಸ ಗುಡಿಸುವಾಗ ಚೂರು ಸಿಕ್ಕಿತು. ಜೋಡಿಸಿ ನೋಡಿದರೆ, "ಬೆಣ್ಣಿಹಳ್ಳ ತುಂಬಿ ಹರಿಯಾಕತ್ತೈತಿ. ನೀರು ಇಳಿಯೂತನಕ" ಎಂದಿತ್ತು. ನನ್ನ ಜೀವದ ಕಾಳಜಿಗೆ ಬರೆದದ್ದನ್ನು ನಾನು ಮನೆಯಿಂದ ಹೊರಹಾಕಿದ ಮಾತು ಅಂತ ಓದಿಕೊಂಡಿದ್ದೆ.

ಯೆರೆಮೀಯ 29 ಕೂಡ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಬಂದು ಅರಸ ಯೆಕೊನ್ಯ, ರಾಜಮಾತೆ, ಬಡಗಿಗಳು, ಕಮ್ಮಾರರು ಹೀಗೆ ಬಹಳ ಜನರನ್ನು ಸೆರೆ ಒಯ್ದ. ಆ ಜನರಿಗೆ ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಬರೆದ ಪತ್ರ ಇದು.

ಈಗ ಒಂದು ಅಧ್ಯಾಯ ಹಿಂದೆ ಹೋಗಿ. 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು ನಿಂತು, ಎರಡೇ ವರ್ಷ, ಒಯ್ದ ಪಾತ್ರೆಗಳೂ ಹೋದ ಜನರೂ ವಾಪಸ್ ಬರುತ್ತಾರೆ ಎನ್ನುತ್ತಾನೆ. ಬಾಬೆಲಿಗೆ ತಲೆಬಾಗಬೇಕು ಎಂಬ ಗುರುತಿಗೆ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ತೆಗೆದು ಮುರಿದೇ ಬಿಡುತ್ತಾನೆ. ಜನರಿಗೆ ಎಷ್ಟು ಖುಷಿ ಆಗಿರಬೇಕು ನೋಡಿ! ನಮ್ಮ ಮಕ್ಕಳು ಎರಡು ವರ್ಷದಲ್ಲಿ ಬರುತ್ತಾರೆ ಅಂದರೆ ಯಾರಿಗೆ ಬೇಡ? ಆದರೆ ದೇವರು ಅವನನ್ನು ಕಳಿಸಿರಲಿಲ್ಲ. ಮರದ ನೊಗ ಹೋಗಿ ಕಬ್ಬಿಣದ ನೊಗ ಬರುತ್ತದೆ ಎಂದು ಯೆರೆಮೀಯ ಹೇಳಿದ.

ಇದಾದ ಮೇಲೆ ಪತ್ರ ಓದಿ. 5ನೇ ವಚನದಿಂದ: ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಊರಿಗೇ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ. 8ನೇ ವಚನದಲ್ಲಿ, ನಿಮ್ಮ ನಡುವಿನ ಪ್ರವಾದಿಗಳ ಮಾತಿಗೆ ಮೋಸ ಹೋಗಬೇಡಿ. 10ರಲ್ಲಿ, ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ಅದರ ಬೆನ್ನಿಗೇ 11. ನಿಮ್ಮ ಮಗನ ಕಾರ್ಡಿನ ವಚನ.

ಎಪ್ಪತ್ತು ವರ್ಷ, ಅಕ್ಕಾವ್ರೇ. ಪತ್ರ ಓದಿಸಿಕೊಂಡವರಲ್ಲಿ ದೊಡ್ಡವರು ಹೆಚ್ಚಿನವರು ಅಲ್ಲೇ ತೀರಿಕೊಂಡರು. ಪತ್ರ ಬಂದು ಕೆಲವೇ ವರ್ಷಗಳಲ್ಲಿ, ಕ್ರಿ.ಪೂ. 586ರಲ್ಲಿ, ಅವರ ದೇವಾಲಯವೇ ಸುಟ್ಟು ಹೋಯಿತು. ಹೀಗಿದ್ದೂ ದೇವರು ನನ್ನ ಯೋಚನೆ ಹಿತದ್ದೇ ಎನ್ನುತ್ತಾನೆ.

ನನಗೆ ಬಹಳ ಬೇಜಾರಾಗುವುದು ಇಲ್ಲೇ. 10ನ್ನು ಬಿಟ್ಟು 11ನ್ನಷ್ಟೇ ಕತ್ತರಿಸಿ ಕಾರ್ಡಿಗೆ ಹಾಕಿ, ಈ ವರ್ಷ ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಎಂದು ಓದಿಕೊಂಡರೆ ಅದು ಹನನ್ಯನ ಮಾತಾಗುತ್ತದೆ. ಯಾವ ಮಾತು ನಂಬಬೇಡಿ ಎಂದು ಪತ್ರ ಬರೆಯಲಾಯಿತೋ, ಅದೇ ಮಾತನ್ನು ಅದೇ ಪತ್ರದಿಂದ ತೆಗೆದು ನಮ್ಮ ಮಕ್ಕಳ ಕೈಗೆ ಕೊಡುತ್ತಿದ್ದೇವೆ. ಆಮೇಲೆ ಆಗಲಿಲ್ಲ ಅಂದರೆ ವಿಶ್ವಾಸ ಸಾಲದು ಅಂತ ಅವರ ತಲೆಗೇ ಕಟ್ಟುತ್ತೇವೆ. ಇದು ಅನ್ಯಾಯ. ನಿಮ್ಮ ಮಗ ತಪ್ಪು ಕೇಳಿಸಿಕೊಂಡಿಲ್ಲ. ನಾವು ದೊಡ್ಡವರು ಅವನಿಗೆ ಅರ್ಧ ಹರಿದ ಪತ್ರ ಕೊಟ್ಟೆವು.

ಇನ್ನೊಂದು ಗಮನಿಸಿ. ಅಲ್ಲಿ ಇರುವುದು "ನಿಮ್ಮ", "ನಿಮಗೆ". ನಾವು ಮಾತಿನಲ್ಲಿ ಗೌರವಕ್ಕೆ ಒಬ್ಬರಿಗೂ ನೀವು ಎನ್ನುತ್ತೇವೆ, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಸತ್ಯವೇದದಲ್ಲಿ ದೇವರು ಒಬ್ಬನ ಹತ್ತಿರ ಮಾತಾಡುವಾಗ ನೀನು ಎಂದೇ ಕರೆಯುತ್ತಾನೆ. ಅಬ್ರಾಮನಿಗೂ ನೀನು, ಯೆಹೋಶುವನಿಗೂ ನೀನು. ಹಾಗಾಗಿ ಇಲ್ಲಿನ "ನಿಮಗೆ" ಇಡೀ ಜನಾಂಗಕ್ಕೆ. ನಿಮ್ಮ ಮಗನೂ ದೇವರ ಜನರಲ್ಲಿ ಒಬ್ಬ, ಆ ಹಿತದಲ್ಲಿ ಅವನ ಪಾಲೂ ಇದೆ. ಆದರೆ ಎಫ್‌ಡಿಎ ಲಿಸ್ಟಿಗೂ ಆ ವಚನಕ್ಕೂ ಗಂಟು ಹಾಕಿದ್ದು ನಾವು.


ಹಾವೇರಿ ಸಿಸ್ಟರ್

ಫಿಲಿಪ್ಪಿ 4:13ರ ಬಗ್ಗೆ ನಾನು ಹೇಳುತ್ತೇನೆ. ಯೇಸುವಿನ ಅಪೊಸ್ತಲ ಪೌಲ ಅದನ್ನು ಬರೆದದ್ದು ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ. ಹಿಂದಿನ ಎರಡು ವಚನ ಓದಿ: ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇದ್ದಾಗಲೂ ಇಲ್ಲದಾಗಲೂ ತೃಪ್ತಿಯಿಂದ ಇರಲು ಕಲಿತಿದ್ದೇನೆ ಎನ್ನುತ್ತಾನೆ. ಆಮೇಲೆ "ಎಲ್ಲಕ್ಕೂ ಶಕ್ತನಾಗಿದ್ದೇನೆ" ಬರುತ್ತದೆ. ಆ "ಎಲ್ಲ" ಎಂದರೆ ಹಸಿವೂ ಸೇರಿದ ಎಲ್ಲ. ಗೆಲ್ಲುತ್ತೇನೆ ಅಂತ ಅಲ್ಲಿ ಹೇಳಿಲ್ಲ.

ಆದರೆ ಮಾಸ್ತರ, ನಿಮ್ಮದು ಓದಿ ನನಗೆ ಸ್ವಲ್ಪ ನೋವೂ ಆಯಿತು. ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಓದಲು ಬರುತ್ತಿರಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಆದಾಗ ಯೆಶಾಯ 41:10 ಒಂದನ್ನೇ ಬಾಯಿಪಾಠ ಮಾಡಿಕೊಂಡಿದ್ದಳು, ಹೆದರಬೇಡ, ನಾನೇ ನಿನ್ನ ಸಂಗಡ ಇದ್ದೇನೆ ಎಂಬುದು. ಮಾತ್ರೆ ನುಂಗುವ ಮೊದಲು ಅದನ್ನು ಹೇಳಿಕೊಳ್ಳುತ್ತಿದ್ದಳು. ಕೊನೆಯ ವಾರ ಮಾತು ನಿಂತ ಮೇಲೂ ತುಟಿ ಆಡುತ್ತಿತ್ತು. ಅವಳಿಗೆ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಗೊತ್ತಿರಲಿಲ್ಲ. ಹಾಗಾದರೆ ಅವಳು ಹಿಡಿದುಕೊಂಡಿದ್ದು ತಪ್ಪಾ?


ಬೆಟಗೇರಿ ಮಾಸ್ತರ

ಇಲ್ಲವ್ವ, ಖಂಡಿತ ತಪ್ಪಲ್ಲ. ನಿಮ್ಮ ತಾಯಿಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಒಂದೇ ವಚನ ಹಿಡಿಯುವುದನ್ನು ನಾನು ಬೇಡ ಎನ್ನುವುದಿಲ್ಲ. ಅದು ಹಳೆಯ ಪದ್ಧತಿ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಸಭೆಯವರು ದಿನಕ್ಕೊಂದು ವಚನ ಚೀಟಿ ಎತ್ತಿ ಆರಿಸಿ 1731ರಿಂದ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದಾರೆ. ನಾನೂ ದಿನಾ ಬೆಳಗ್ಗೆ ಒಂದು ವಚನ ಹೇಳಿಕೊಂಡೇ ಚಹಾ ಕುಡಿಯುವುದು.

ನಾನು ನೋಡುವುದು ಇಷ್ಟೇ. ಆ ವಚನವನ್ನು ವಾಪಸ್ ಅದರ ಅಧ್ಯಾಯದೊಳಗೆ ಇಟ್ಟರೆ ಅದು ನಾವು ಹೇಳಿಸಿದ ಮಾತನ್ನೇ ಹೇಳುತ್ತದಾ? ಯೆಶಾಯ 41 ಪೂರ್ತಿ ಓದಿ. ಹೆದರಿ ಕುಗ್ಗಿದ ಇಸ್ರಾಯೇಲಿಗೆ ದೇವರು, ನಾನು ನಿನ್ನನ್ನು ತಳ್ಳಿಬಿಟ್ಟಿಲ್ಲ, ಕೈ ಹಿಡಿದಿದ್ದೇನೆ ಎನ್ನುತ್ತಾನೆ. ನಿಮ್ಮ ತಾಯಿ ಆ ವಚನದ ಹತ್ತಿರ ತಾರೀಖು ಕೇಳಲಿಲ್ಲ, ಕೈ ಹಿಡಿದುಕೋ ಎಂದಳು. ಅಧ್ಯಾಯ ಹೇಳುವುದೂ ಅದನ್ನೇ. ಓದು ಬಾರದ ಆಕೆ ಸರಿಯಾಗಿ ಓದಿದ್ದಾಳೆ.

ವಚನ ಬಾಯಿಪಾಠ ಇದ್ದವರೆಲ್ಲ ಸರಿಯಾಗಿ ಓದಿದವರಲ್ಲ. ಮತ್ತಾಯ 4ರಲ್ಲಿ ಸೈತಾನನೂ ವಚನ ಹೇಳುತ್ತಾನೆ. ದೇವಾಲಯದ ಮೇಲಿಂದ ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಅದು 91ನೇ ಕೀರ್ತನೆಯದೇ. ಆದರೆ ಆ ಕೀರ್ತನೆ ದೇವರ ಮರೆಯಲ್ಲಿ ವಾಸಿಸುವವನ ಬಗ್ಗೆ. ಬೇಕಂತಲೇ ಧುಮುಕಿ ದೇವರನ್ನು ಪರೀಕ್ಷೆ ಮಾಡುವವನ ಬಗ್ಗೆ ಅಲ್ಲ. ಯೇಸು ಧರ್ಮೋಪದೇಶಕಾಂಡದ ಇನ್ನೊಂದು ವಚನ ಹೇಳಿ ಅವನ ಬಾಯಿ ಮುಚ್ಚಿಸಿದ.

ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ನಾನು ಇದನ್ನೂ ಹೇಳುತ್ತಿದ್ದೆ: ಯೆರೆಮೀಯ ಬರೆಯುವಾಗ 29 ಇರಲಿಲ್ಲ, 11 ಇರಲಿಲ್ಲ. ಅಧ್ಯಾಯ ಮಾಡಿದ್ದು 13ನೇ ಶತಮಾನದಲ್ಲಿ, ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಕಾಲಕ್ಕೆ. ಹೊಸ ಒಡಂಬಡಿಕೆಗೆ ಈಗಿನ ವಚನದ ನಂಬರ್ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಸುಲಭ ಆಗಲಿ ಎಂದು ಹಾಕಿದ ಗುರುತು ಅವು. ಅಲ್ಲೇ ಕತ್ತರಿಸಿ ಎಂದು ಯಾರೂ ಹೇಳಿಲ್ಲ.


ಗದಗ ಕನ್ನಡ ಉಪನ್ಯಾಸಕ

ನಾನು ಕ್ರೈಸ್ತನಲ್ಲ, ಲಿಂಗಾಯತ ಮನೆಯವನು. ಆದರೂ ಬರೆಯಬೇಕು ಅನ್ನಿಸಿತು. ನಮ್ಮಲ್ಲೂ ಇದೇ ಕಥೆ. "ಕಾಯಕವೇ ಕೈಲಾಸ" ಎಂದು ಆಫೀಸು, ಅಂಗಡಿ ಎಲ್ಲ ಕಡೆ ಬೋರ್ಡ್ ಇರುತ್ತದೆ, ಕೆಳಗೆ ಬಸವಣ್ಣ ಎಂದು ಬರೆದಿರುತ್ತಾರೆ. ಆ ಮಾತು ಶರಣ ಆಯ್ದಕ್ಕಿ ಮಾರಯ್ಯನ ವಚನದ್ದು. ಪೂರ್ತಿ ವಚನದಲ್ಲಿ ಅವನು ಹೇಳುವುದು, ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಎದುರಿಗೆ ಜಂಗಮ ನಿಂತಿದ್ದರೂ ಹಂಗು ಹರಿಯಬೇಕು ಎಂದು. ಎಂಥ ಧೈರ್ಯದ ಮಾತು! ಅದನ್ನು ಎರಡು ಪದಕ್ಕೆ ಇಳಿಸಿ, ಸುಮ್ನೆ ದುಡಿ, ಸಂಬಳ ಕೇಳಬೇಡ ಎಂಬಂತೆ ಬಳಸುವ ಧಣಿಗಳನ್ನು ನೋಡಿದ್ದೇನೆ. ಆ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ ಎಂದು ವಾಪಸ್ ಕಳಿಸಿದಳು. ಆ ಗಂಡ ಹೆಂಡತಿಯ ಬದುಕು ಬಿಟ್ಟು ಆ ಎರಡು ಪದ ಓದಿದರೆ ಏನೂ ಓದಿದಂತಾಗಲಿಲ್ಲ. ಮಾಸ್ತರ್ ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ.


ಕೇಶ್ವಾಪುರದ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ಕೈಮುಗಿಯುತ್ತೇನೆ. ಸಿಸ್ಟರ್, ನಿಮ್ಮ ತಾಯಿಯ ವಿಷಯ ಓದಿ ಅತ್ತುಬಿಟ್ಟೆ.

ಭಾನುವಾರ ಆರಾಧನೆ ಮುಗಿಸಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ರೂಮಿನ ಉಳಿದ ಇಬ್ಬರು ಊರಿಗೆ ಹೋಗಿದ್ದರು. ಚಾಪೆ ಮೇಲೆ ಕೂತು 28, 29 ಎರಡೂ ಅಧ್ಯಾಯ ಗಟ್ಟಿಯಾಗಿ ಓದಿದೆವು, ಒಂದು ವಚನ ನಾನು, ಒಂದು ವಚನ ಅವನು. ಹನನ್ಯ ನೊಗ ಮುರಿಯುವಲ್ಲಿ ಅವನು ನಿಲ್ಲಿಸಿದ. "ಇವನ ಹತ್ತಿರ ನಮ್ಮ ಕೋಚಿಂಗಿನವರು ಜಾಹೀರಾತು ಬರೆಯಿಸಬೇಕು" ಎಂದು ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದು.

ಎಪ್ಪತ್ತು ವರ್ಷ ಎಂಬಲ್ಲಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದ್ರೆ ಅವರು ಕಾಯ್ತಾ ಕೂರಲಿಲ್ಲ ಮಮ್ಮಿ, ಮನೆ ಕಟ್ಟಿಕೊಂಡ್ರು" ಎಂದ. ಪರೀಕ್ಷೆ ಬಿಡುವುದಿಲ್ಲವಂತೆ. ಆದರೆ ಮುಂದಿನ ತಿಂಗಳಿಂದ ಬೆಳಗಿನ ಹೊತ್ತು ಒಂದು ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುತ್ತೇನೆ, ರೂಮ್ ಬಾಡಿಗೆ ನಾನೇ ಕಟ್ಟುತ್ತೇನೆ ಎನ್ನುತ್ತಿದ್ದಾನೆ. ಕಾರ್ಡ್ ಎಸೆದಿರಲಿಲ್ಲ. ಸತ್ಯವೇದದಲ್ಲಿ 29ನೇ ಅಧ್ಯಾಯದ ಹತ್ತಿರವೇ ಇಟ್ಟಿದ್ದ, ಹಿಂದೆ ಗೋಡೆಯ ಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು.

ಮಾಸ್ತರ, ಮುಂದಿನ ಭಾನುವಾರವೂ ಬಾ ಎಂದಿದ್ದಾನೆ. 30ರಿಂದಲೇ ಓದುತ್ತಾ ಹೋಗಬೇಕಾ, ಇಲ್ಲಾ ಮೊದಲನೇ ಅಧ್ಯಾಯಕ್ಕೆ ಹೋಗಬೇಕಾ?


ಬೆಟಗೇರಿ ಮಾಸ್ತರ

ಮೊದಲನೇ ಅಧ್ಯಾಯದಿಂದ, ಅಕ್ಕಾವ್ರೇ. ವಾರಕ್ಕೆ ಎರಡು ಸಾಕು. 32ಕ್ಕೆ ಬರುವಾಗ ನನಗೆ ತಿಳಿಸಿ. ಊರಿಗೆ ಮುತ್ತಿಗೆ ಬಿದ್ದಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ, ಅಂಥಾ ಹೊತ್ತಿನಲ್ಲಿ ಹದಿನೇಳು ತೊಲ ಬೆಳ್ಳಿ ಕೊಟ್ಟು ಒಂದು ಹೊಲ ಕೊಳ್ಳುತ್ತಾನೆ. ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಹಾಕಿ ಇಡಿಸುತ್ತಾನೆ. ಅದನ್ನು ಓದುವ ದಿನ ನಾನೂ ಗದಗಿನಿಂದ ಬರುತ್ತೇನೆ.